ಅಣೆಕಟ್ಟಿನ ಹಿನ್ನೀರು ಎಷ್ಟು ದೂರ ಏರುತ್ತದೆ?

ಮಿರಜದಿಂದ ಬೆಳಗಾವಿಯ ಕಡೆಗೆ ಹೊರಟ ರೈಲು ಶೇಡಬಾಳವನ್ನು ಹಿಂದಿಕ್ಕಿ, ಉಗಾರ ಖುರ್ದದಲ್ಲಿ ಅರೆಗಳಿಗೆ ನಿಂತು, ಕುಡಚಿಯನ್ನು ಮುಟ್ಟುವ ಮೊದಲು ಕೃಷ್ಣಾನದಿಯ ಸೇತುವೆಯನ್ನು ಹಾಯುತ್ತದೆ. ಚೈತ್ರ ವೈಶಾಖಗಳಲ್ಲಿ ಕಿಟಕಿಯಿಂದ ಇಣುಕಿದವನಿಗೆ ತಳದಲ್ಲೆಲ್ಲೋ ಒಂದು ಸಣ್ಣ ಹರಿವು ಮಾತ್ರ ಕಾಣಿಸೀತು. ಶ್ರಾವಣದಲ್ಲಿ ಇಣುಕಿದವನಿಗೆ ದಡವೆಲ್ಲಿ, ಹೊಲವೆಲ್ಲಿ ಎಂಬುದೇ ತಿಳಿಯದು. ಕೆಂಪು ನೀರಿನ ಮೇಲೆ ಕಬ್ಬಿನ ಗರಿಗಳ ತುದಿ ಮಾತ್ರ ಅಲುಗಾಡುತ್ತಿರುತ್ತವೆ. 2005, 2019, 2021 ಈ ಮೂರು ವರ್ಷಗಳಲ್ಲಿ ಕಾಗವಾಡ ತಾಲೂಕಿನ ಜುಗೂಳ, ಮಂಗಾವತಿ, ಶಹಾಪುರ, ಕೃಷ್ಣಾ ಕಿತ್ತೂರು ಮೊದಲಾದ ಹೊಳೆಸಾಲಿನ ಊರವರು ದನಕರುಗಳೊಡನೆ ಎತ್ತರದ ನೆಲವನ್ನು ಅರಸಿಕೊಂಡು ಹೋಗಬೇಕಾಯಿತು.

ಈ ಭಾಗದ ತರಗತಿಗಳಲ್ಲಿ ದ್ರವಗಳ ಪಾಠ ಬಂದಾಗಲೆಲ್ಲ ಒಂದು ಪ್ರಶ್ನೆ ಏಳದೆ ಇರುವುದಿಲ್ಲ: "ಆಲಮಟ್ಟಿಯನ್ನು ಎತ್ತರಿಸಿದರೆ ನಮ್ಮೂರು ಮುಳುಗುವುದೇ?" ಪ್ರಶ್ನೆ ಕೇಳುವವನು ಪರೀಕ್ಷೆಗಾಗಿ ಕೇಳುತ್ತಿರುವುದಿಲ್ಲ. ಆದಕಾರಣ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ವಿವಾದದ ಹಿನ್ನೆಲೆಯನ್ನು ಚಿಕ್ಕದಾಗಿ ತಿಳಿದುಕೊಳ್ಳೋಣ. ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲನ್ನಿಟ್ಟರು. ಅದರ ಎತ್ತರದ ಮಾತು ಅಂದಿನಿಂದಲೂ ರಾಜ್ಯ ರಾಜ್ಯಗಳ ನಡುವಿನ ವ್ಯಾಜ್ಯವಾಗಿದೆ. ಸರ್ವೋಚ್ಚ ನ್ಯಾಯಾಲಯವು 2000ದ ಏಪ್ರಿಲ್ 25ರಂದು ಸಮುದ್ರ ಮಟ್ಟದಿಂದ 519.6 ಮೀಟರಿನವರೆಗೆ ನೀರು ನಿಲ್ಲಿಸಲು ಅವಕಾಶವಿತ್ತಿತು. ಆ ಮಟ್ಟದಲ್ಲಿ ಜಲಾಶಯವು ಸುಮಾರು 123 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ. ಬ್ರಿಜೇಶ್ ಕುಮಾರ್ ಅವರ ಅಧ್ಯಕ್ಷತೆಯ ಎರಡನೆಯ ಕೃಷ್ಣಾ ನ್ಯಾಯಮಂಡಳಿಯು 2010ರ ಡಿಸೆಂಬರ್ 30ರಂದು ಕೊಟ್ಟ ತೀರ್ಪಿನಲ್ಲಿ ಈ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಎಂದರೆ ಹೆಚ್ಚಳ 4.656 ಮೀಟರು, ಎರಡು ಆಳಿಗಿಂತ ಹೆಚ್ಚು. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸಚಿವ ಸಂಪುಟವು ಈ ಕೆಲಸಕ್ಕೆ ಭೂಮಿಯನ್ನು ಕೊಳ್ಳಲು ದರವನ್ನು ಗೊತ್ತುಮಾಡಿತು. ಮುಳುಗಲಿರುವ ಭೂಮಿ 75 ಸಾವಿರ ಎಕರೆಗಿಂತಲೂ ಹೆಚ್ಚು.

ನದಿಯ ಮೇಲುಭಾಗದ ಹಳ್ಳಿಗಳು ಇದನ್ನು ಬಲವಾಗಿ ವಿರೋಧಿಸುತ್ತಿವೆ. ಸಾಂಗಲಿ, ಮಿರಜ, ಶಿರೋಳ, ಕುರುಂದವಾಡಗಳ ರೈತರು 2005ರ ಮಹಾಪೂರದಿಂದಲೂ ಆಲಮಟ್ಟಿಯ ಕಡೆಗೆ ಬೆರಳು ತೋರಿಸುತ್ತಾ ಬಂದಿದ್ದಾರೆ. 2025ರ ಮೇ ತಿಂಗಳಲ್ಲಿ ಸಾಂಗಲಿಯ ಸಮೀಪದ ಅಂಕಲಿಯಲ್ಲಿ ಅವರು ರಸ್ತೆ ತಡೆ ನಡೆಸಿದರು. (ಇದು ನಮ್ಮ ಚಿಕ್ಕೋಡಿ ತಾಲೂಕಿನ ಅಂಕಲಿಯಲ್ಲ, ಅದೇ ಹೆಸರಿನ ಬೇರೊಂದು ಊರು.) ಅವರ ಭಯವನ್ನು ಕ್ಷುಲ್ಲಕವೆಂದು ತಳ್ಳಿಹಾಕುವವರು 2019ರ ಆಗಸ್ಟಿನಲ್ಲಿ ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹಲವರು ಮಡಿದುದನ್ನು ನೆನೆಯಬೇಕು. ಅತ್ತ ಬಾಗಲಕೋಟೆ, ವಿಜಯಪುರ, ಯಾದಗಿರಿ, ರಾಯಚೂರು ಕಡೆಯ ಒಣಭೂಮಿಯ ರೈತನಾದರೋ ಇದೇ ನೀರಿಗಾಗಿ ಮೂರು ತಲೆಮಾರಿನಿಂದ ಕಾದಿದ್ದಾನೆ. ಸರ್ಕಾರದ ದಾರಿ ನೋಡಿ ಬೇಸತ್ತ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮದೇ ಹಣ, ತಮ್ಮದೇ ದುಡಿಮೆಗಳಿಂದ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡವಾಗಿ ಬ್ಯಾರೇಜನ್ನೇ ಕಟ್ಟಿದ್ದು ಇದೇ ನದಿಯ ಇನ್ನೊಂದು ಕಥೆ. ಶೇಡಬಾಳದ ನಾವು ಈ ಇಬ್ಬರ ನಡುವೆ ಇದ್ದೇವೆ: ರಾಜ್ಯದ ಲೆಕ್ಕದಲ್ಲಿ ಕೆಳಗಿನವರು, ನೀರಿನ ಲೆಕ್ಕದಲ್ಲಿ ಮೇಲಿನವರು.

ನಿಂತ ನೀರಿನ ಲೆಕ್ಕ

ನಿಂತ ನೀರಿನ ಮೇಲ್ಮೈ ಸಮತಲವಾಗಿರುತ್ತದೆಂಬುದು ಮಕ್ಕಳಿಗೂ ಗೊತ್ತು. ಹಾಗಾದರೆ 524.256 ಮೀಟರಿನ ಎತ್ತರದಲ್ಲಿ ಒಂದು ಸಮತಲವನ್ನು ನದಿಯ ಮೇಲ್ಮುಖವಾಗಿ ಎಳೆಯುತ್ತ ಹೋದರೆ, ಅದು ನದಿಯ ತಳವನ್ನು ಎಲ್ಲಿ ಮುಟ್ಟುವುದೋ ಅಲ್ಲಿಗೆ ಹಿನ್ನೀರು ಮುಗಿಯಬೇಕಲ್ಲವೆ? ಅಣೆಕಟ್ಟಿನ ಪರವಾಗಿ ವಾದಿಸುವವರು ಸಾಮಾನ್ಯವಾಗಿ ಹೇಳುವುದು ಇದನ್ನೇ. ಈ ವಾದಕ್ಕೆ ಒಂದು ಪುಷ್ಟಿಯೂ ಉಂಟು. ಆಲಮಟ್ಟಿಗೂ ನಮಗೂ ನಡುವೆ ಹಿಪ್ಪರಗಿಯ ಬ್ಯಾರೇಜು ಇದೆ. ಅದು ಪೂರ್ಣವಾಗಿ ತುಂಬಿದಾಗಿನ ಮಟ್ಟ 524.87 ಮೀಟರು. ಏರಿಸಲಿರುವ ಆಲಮಟ್ಟಿಯ ಮಟ್ಟಕ್ಕಿಂತ ಅದು ಈಗಾಗಲೇ 61 ಸೆಂಟಿಮೀಟರು ಮೇಲಿದೆ. ಹೀಗಿರಲಾಗಿ, ಮಳೆಯಿಲ್ಲದ ದಿನಗಳಲ್ಲಿ ಆಲಮಟ್ಟಿಯ ನಿಂತ ನೀರು ಹಿಪ್ಪರಗಿಯ ಬುಡವನ್ನು ಮುಟ್ಟಬಹುದೇ ಹೊರತು ಅದನ್ನು ದಾಟಿ ಮೇಲೇರಲಾರದು.

ಆದರೆ ಪೂರದ ನೀರು ನಿಂತ ನೀರಲ್ಲ. ವಾದದ ದೋಷವಿರುವುದು ಇಲ್ಲಿಯೇ. ಹರಿಯುವ ನೀರಿಗೆ ಇಳಿಜಾರು ಬೇಕೇ ಬೇಕು. ಇಳಿಜಾರಿಲ್ಲದ ಮೇಲ್ಮೈಯಲ್ಲಿ ಹರಿವೂ ಇಲ್ಲ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ ಹೊರಬಿಟ್ಟ ನೀರು ಸೆಕೆಂಡಿಗೆ 5 ಲಕ್ಷ ಘನ ಅಡಿಗಳನ್ನು ಮೀರಿತ್ತು. ಅಷ್ಟು ನೀರು ಜಲಾಶಯದೊಳಗೂ ಹರಿದೇ ಬಂದಿರಬೇಕು. ಆದ್ದರಿಂದ ಪೂರದ ದಿನ ಜಲಾಶಯದ ಮೇಲ್ಮೈಯು ಕನ್ನಡಿಯಂತೆ ಸಮತಲವಾಗಿರದೆ, ಮೇಲುಭಾಗದಲ್ಲಿ ಸ್ವಲ್ಪ ಎದ್ದಿರಬೇಕು. ಎಷ್ಟು ಎದ್ದಿರುತ್ತದೆ, ಎಷ್ಟು ದೂರದವರೆಗೆ ಎದ್ದಿರುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಹರಿಯುವ ನೀರಿನ ಲೆಕ್ಕ

ಒಂದು ಅಗಲವಾದ ನದಿಯ ತಳವು ಒಂದೇ ಸಮನಾಗಿ ಇಳಿಯುತ್ತಿದೆ ಎಂದು ಭಾವಿಸಿರಿ. ನೀರಿನ ಒಂದು ತುಂಡನ್ನು ಕೆಳಕ್ಕೆ ಎಳೆಯುವುದು ಅದರ ತೂಕದ ಒಂದು ಅಂಶ. ಈ ಎಳೆತವು ನೀರಿನ ಆಳಕ್ಕೂ ಮೇಲ್ಮೈಯ ಇಳಿಜಾರಿಗೂ ಅನುಪಾತವಾಗಿರುತ್ತದೆ. ತಡೆಯುವುದು ತಳದ ಘರ್ಷಣೆ. ಪ್ರಕ್ಷುಬ್ಧವಾಗಿ ಹರಿಯುವ ನೀರಿನಲ್ಲಿ ಈ ಘರ್ಷಣೆಯು ವೇಗದ ವರ್ಗಕ್ಕೆ ಅನುಪಾತವಾಗಿರುತ್ತದೆ. ಎಳೆತವೂ ತಡೆಯೂ ಸಮವಾದಾಗ ನೀರು ಒಂದೇ ವೇಗದಿಂದ ಸಾಗುತ್ತದೆ. ಆದುದರಿಂದ ವೇಗವು ಆಳ ಮತ್ತು ಇಳಿಜಾರುಗಳ ಗುಣಲಬ್ಧದ ವರ್ಗಮೂಲಕ್ಕೆ ಅನುಪಾತವಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್ ನಗರಕ್ಕೆ ಕಾಲುವೆ ತರುವ ಯೋಚನೆಯಲ್ಲಿದ್ದ ಆಂತ್ವಾನ್ ಶೆಜಿ ಎಂಬ ಫ್ರೆಂಚ್ ಎಂಜಿನಿಯರನು ಕಂಡುಕೊಂಡ ನಿಯಮವಿದು. ಇಂದಿನ ಗಣಕಯಂತ್ರದ ಲೆಕ್ಕಗಳ ಒಡಲಿನಲ್ಲಿಯೂ ಇದೇ ವಿಚಾರವಿದೆ.

ಒಂದು ಉದಾಹರಣೆಯನ್ನು ಮಾಡಿ ನೋಡೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ನಾನು ಇಟ್ಟುಕೊಂಡವು, ಕೃಷ್ಣೆಯ ಅಳತೆಗಳಲ್ಲ. ಅಗಲ 300 ಮೀಟರು, ಆಳ 12 ಮೀಟರು, ಇಳಿಜಾರು ಕಿಲೋಮೀಟರಿಗೆ 20 ಸೆಂಟಿಮೀಟರು, ಎಂದರೆ 5,000ಕ್ಕೆ 1. ಶೆಜಿಯ ಸ್ಥಿರಾಂಕ 50 ಎಂದಿಟ್ಟುಕೊಳ್ಳಿ. 12ನ್ನು 5,000ದಿಂದ ಭಾಗಿಸಿದರೆ 0.0024, ಅದರ ವರ್ಗಮೂಲ ಸುಮಾರು 0.049, 50ರಿಂದ ಗುಣಿಸಿದರೆ ವೇಗವು ಸೆಕೆಂಡಿಗೆ 2.45 ಮೀಟರು. ಅಗಲ, ಆಳ, ವೇಗಗಳನ್ನು ಗುಣಿಸಿದರೆ ಸೆಕೆಂಡಿಗೆ ಸುಮಾರು 8,800 ಘನಮೀಟರು, ಅಂದರೆ 3.1 ಲಕ್ಷ ಕ್ಯೂಸೆಕ್. ವೃತ್ತಪತ್ರಿಕೆಗಳಲ್ಲಿ ಮಳೆಗಾಲದಲ್ಲಿ ಓದುವ ಅಂಕಿಗಳ ಜಾತಿಯದೇ ಇದು. ಆದ್ದರಿಂದ ನಮ್ಮ ಕಲ್ಪನೆಯ ನದಿ ನಿಜದಿಂದ ತೀರ ದೂರವಿಲ್ಲ.

ಈಗ ಕೆಳಗೆ ಅಣೆಕಟ್ಟನ್ನು ಕಟ್ಟಿ ಅಲ್ಲಿಯ ಆಳವನ್ನು 24 ಮೀಟರಿಗೆ ಏರಿಸಿದೆವೆನ್ನಿ. ಹರಿಯುವ ನೀರಿನ ಪ್ರಮಾಣ ಅಷ್ಟೇ. ಆಳ ಇಮ್ಮಡಿಯಾದುದರಿಂದ ವೇಗ ಅರ್ಧವಾಯಿತು. ವೇಗದ ವರ್ಗವು ಕಾಲುಭಾಗವಾಯಿತು. ಘರ್ಷಣೆ ಕಾಲುಭಾಗ, ಅದನ್ನು ಗೆಲ್ಲಬೇಕಾದ ನೀರಿನ ರಾಶಿ ಇಮ್ಮಡಿ. ಆದಕಾರಣ ಬೇಕಾಗುವ ಇಳಿಜಾರು ಎಂಟರಲ್ಲಿ ಒಂದು ಪಾಲು. ಎಂದರೆ ಮೇಲ್ಮೈಯು ಕಿಲೋಮೀಟರಿಗೆ 20 ಸೆಂಟಿಮೀಟರಿಗೆ ಬದಲಾಗಿ ಎರಡೂವರೆ ಸೆಂಟಿಮೀಟರು ಇಳಿದರೆ ಸಾಕು. ಇದು ಬಹಳ ಚಿಕ್ಕದೆಂದು ತೋರುತ್ತದೆ. ಆದರೆ 40 ಕಿಲೋಮೀಟರು ಉದ್ದದ ಜಲಾಶಯದಲ್ಲಿ ಅದು ಒಟ್ಟು ಒಂದು ಮೀಟರಾಯಿತು! ಸಮತಲದ ಲೆಕ್ಕವು ಈ ಮೀಟರನ್ನು ಪೂರ್ತಿಯಾಗಿ ಮರೆತಿರುತ್ತದೆ. ಹಿನ್ನೀರು ಸಮತಲದ ಗೆರೆಯಲ್ಲಿಯೇ ನಿಲ್ಲುವುದಿಲ್ಲವೆಂದು ಹಳ್ಳಿಯ ರೈತನು ಹೇಳುವ ಮಾತಿನಲ್ಲಿ ಅಷ್ಟರಮಟ್ಟಿಗೆ ಭೌತಶಾಸ್ತ್ರದ ಬೆಂಬಲವಿದೆ.

ಹಾಗೆಂದು ಈ ಹೆಚ್ಚಳವು ಎಲ್ಲೆಯಿಲ್ಲದೆ ಮೇಲಕ್ಕೆ ಹಬ್ಬುವುದೂ ಇಲ್ಲ. ಇದನ್ನು ತಿಳಿಯಲು ಕಲನಶಾಸ್ತ್ರದ ಅವಶ್ಯಕತೆಯಿಲ್ಲ. ನದಿಯಲ್ಲಿ ಮೇಲುಗಡೆಯ ಒಂದು ಜಾಗದಲ್ಲಿ, 12 ಮೀಟರು ಇರಬೇಕಾದ ಆಳವು ಅಣೆಕಟ್ಟಿನ ದೆಸೆಯಿಂದ 12 ಸೆಂಟಿಮೀಟರು ಹೆಚ್ಚಾಗಿದೆ ಎನ್ನಿ. ಇದು ಆಳದ ನೂರರಲ್ಲಿ ಒಂದು ಪಾಲು. ಇಳಿಜಾರು ಆಳದ ಘನಕ್ಕೆ ವಿಲೋಮವಾಗಿರುವುದರಿಂದ ಅದು ನೂರಕ್ಕೆ 3ರಷ್ಟು ಕಡಿಮೆಯಾಗುತ್ತದೆ. 20 ಸೆಂಟಿಮೀಟರಿನಲ್ಲಿ ನೂರಕ್ಕೆ 3 ಎಂದರೆ 6 ಮಿಲಿಮೀಟರು. ತಳವು ಕಿಲೋಮೀಟರಿಗೆ 20 ಸೆಂಟಿಮೀಟರು ಏರುತ್ತ ಹೋಗುವಾಗ ಮೇಲ್ಮೈಯು 19.4 ಸೆಂಟಿಮೀಟರು ಮಾತ್ರ ಏರಿತು. ಆದಕಾರಣ ಒಂದು ಕಿಲೋಮೀಟರು ಮೇಲಕ್ಕೆ ಹೋದರೆ 12 ಸೆಂಟಿಮೀಟರಿನ ಹೆಚ್ಚಳದಲ್ಲಿ 6 ಮಿಲಿಮೀಟರು ಕರಗುತ್ತದೆ. ಅದು ಹೆಚ್ಚಳದ ಇಪ್ಪತ್ತರಲ್ಲಿ ಒಂದು ಪಾಲು. ಮುಂದಿನ ಕಿಲೋಮೀಟರಿನಲ್ಲಿ ಉಳಿದುದರ ಇಪ್ಪತ್ತರಲ್ಲಿ ಒಂದು ಪಾಲು. ಹೀಗೆ ಸುಮಾರು 14 ಕಿಲೋಮೀಟರಿಗೊಮ್ಮೆ ಹೆಚ್ಚಳವು ಅರ್ಧಕ್ಕೆ ಇಳಿಯುತ್ತದೆ. ವಿಕಿರಣ ವಸ್ತುವಿನ ಅರ್ಧಾಯುಷ್ಯವನ್ನು ಓದಿದ ವಿದ್ಯಾರ್ಥಿಗಳಿಗೆ ಈ ನಡಿಗೆ ಪರಿಚಿತವೇ. ಅಲ್ಲಿ ಕಾಲ, ಇಲ್ಲಿ ದೂರ, ವ್ಯತ್ಯಾಸ ಅಷ್ಟೆ. ಒಂದು ಮೀಟರಿನ ಹೆಚ್ಚಳವು ನೂರು ಕಿಲೋಮೀಟರು ಮೇಲೆ ಹೋಗುವಷ್ಟರಲ್ಲಿ ಏಳು ಸಲ ಅರ್ಧವಾಗಿ ಒಂದು ಸೆಂಟಿಮೀಟರಿಗಿಂತಲೂ ಕಡಿಮೆಯಾಗುತ್ತದೆ. ಹೆಚ್ಚಳವು ದೊಡ್ಡದಾಗಿರುವಲ್ಲಿ ಲೆಕ್ಕವನ್ನು ಇನ್ನೂ ಸೂಕ್ಷ್ಮವಾಗಿ ಮಾಡಬೇಕು. ಬ್ರೆಸ್ ಎಂಬ ಫ್ರೆಂಚ್ ಗಣಿತಜ್ಞನು 1860ರಲ್ಲಿಯೇ ಅದನ್ನು ಪೂರ್ಣವಾಗಿ ಬಿಡಿಸಿದ್ದಾನೆ.

ಈಗ ಇಳಿಜಾರಿನ ಅಂಕಿಯನ್ನು ಬದಲಿಸಿ ನೋಡಿರಿ. 20ರ ಬದಲು 10 ಸೆಂಟಿಮೀಟರು ಎನ್ನಿ. ಹೆಚ್ಚಳವು ಅರ್ಧವಾಗಲು 14ರ ಬದಲು 28 ಕಿಲೋಮೀಟರು ಬೇಕಾಗುತ್ತದೆ. ಅದೇ ಒಂದು ಮೀಟರು ನೂರು ಕಿಲೋಮೀಟರಿನ ಮೇಲೆಯೂ 8 ಸೆಂಟಿಮೀಟರಾಗಿ ಉಳಿಯುತ್ತದೆ. ಚಪ್ಪಟೆಯಾದ ನದಿಯಲ್ಲಿ ಅದೇ ನೀರು ಹೆಚ್ಚು ಆಳವಾಗಿ ಹರಿಯುವುದರಿಂದ ನಿಜವಾಗಿ ಇನ್ನೂ ಸ್ವಲ್ಪ ಹೆಚ್ಚೇ ಉಳಿದೀತು. ಎರಡು ಕಡೆಯ ತಜ್ಞರೂ ಒಂದೇ ಸಮೀಕರಣವನ್ನು ಹಿಡಿದುಕೊಂಡೇ ಬೇರೆ ಬೇರೆ ಉತ್ತರಗಳನ್ನು ತರಬಲ್ಲರೆಂಬುದರ ಗುಟ್ಟು ಇದು. ಜಗಳವಿರುವುದು ನಿಯಮದಲ್ಲಲ್ಲ, ಅದರೊಳಕ್ಕೆ ಹಾಕುವ ತಳದ ಅಳತೆಗಳಲ್ಲಿ.

ಆಲಮಟ್ಟಿಯಿಂದ ಸಾಂಗಲಿಗೆ ನದಿಯ ಹಾದಿಯಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಇಷ್ಟು ದೂರದಲ್ಲಿ ಆಲಮಟ್ಟಿಯ ಹೆಚ್ಚಳವು ಕೈಗೆ ಸಿಗುವಷ್ಟು ಉಳಿಯಲಾರದೆಂದೇ ನನ್ನ ಅಭಿಪ್ರಾಯ. 2019ರ ಮಹಾಪೂರದ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ್ದ ನಂದಕುಮಾರ ವಡನೆರೆಯವರ ಸಮಿತಿಯು 2020ರಲ್ಲಿ ಒಪ್ಪಿಸಿದ ವರದಿಯಲ್ಲಿ, ಆ ಪೂರಕ್ಕೆ ಆಲಮಟ್ಟಿ ಕಾರಣವಲ್ಲವೆಂದು ಹೇಳಿತು. ಹೋರಾಟಗಾರರು ಅದನ್ನು ಒಪ್ಪಿಲ್ಲ. ಆದರೆ ಇದೇ ಲೆಕ್ಕದ ಇನ್ನೊಂದು ಮುಖವನ್ನು ನಾವು ಮರೆಮಾಚಬಾರದು. ಹಿಪ್ಪರಗಿಯ ಆಸುಪಾಸಿನ ರಬಕವಿ-ಬನಹಟ್ಟಿ, ಅಥಣಿ ತಾಲೂಕುಗಳ ಹೊಳೆಸಾಲಿನ ಊರುಗಳು ಸಾಂಗಲಿಗಿಂತ ಎಷ್ಟೋ ಅರ್ಧಾಂತರಗಳಷ್ಟು ಕೆಳಗಿವೆ. ಅಲ್ಲಿ ಹೆಚ್ಚಳವು ಸೆಂಟಿಮೀಟರುಗಳಲ್ಲಿ ಅಲ್ಲ, ಅಡಿಗಳಲ್ಲಿ ಇರಬಹುದು. ಕೂಗು ದೊಡ್ಡದಾಗಿ ಕೇಳುತ್ತಿರುವುದು ಸಾಂಗಲಿ ಶಿರೋಳಗಳಿಂದ. ಲೆಕ್ಕವು ಬೆರಳು ಮಾಡುವುದು ನಮ್ಮವರೇ ಆದ ಈ ಊರುಗಳ ಕಡೆಗೆ. ಅಣೆಕಟ್ಟು ನಮ್ಮ ರಾಜ್ಯದ್ದೆಂಬ ಅಭಿಮಾನದಿಂದ ಈ ಮಾತನ್ನು ಆಡದೆ ಉಳಿದರೆ ಅದು ವಿಜ್ಞಾನವಾಗುವುದಿಲ್ಲ.

ಹಾಗಾದರೆ ಸಾಂಗಲಿ, ಕುರುಂದವಾಡ, ಜುಗೂಳಗಳಲ್ಲಿ ನೀರು ಏಕೆ ಅಷ್ಟು ಹೊತ್ತು ನಿಲ್ಲುತ್ತದೆ? ನಕ್ಷೆಯನ್ನು ನೋಡಿರಿ. ಹರಿಪುರದಲ್ಲಿ ವಾರಣೆ, ನರಸೋಬಾವಾಡಿಯಲ್ಲಿ ಪಂಚಗಂಗೆ, ಸ್ವಲ್ಪ ಕೆಳಗೆ ವೇದಗಂಗೆಯನ್ನು ಕೂಡಿಕೊಂಡು ಬಂದ ದೂಧಗಂಗೆ, ಇವೆಲ್ಲವೂ ಸಹ್ಯಾದ್ರಿಯ ಒಂದೇ ಮಳೆಯನ್ನು ಹೊತ್ತು ಒಂದೇ ವಾರದಲ್ಲಿ ಒಂದೇ ಚಪ್ಪಟೆ ಬಯಲಿಗೆ ಬಂದು ಬೀಳುತ್ತವೆ. ಮುಖ್ಯ ನದಿ ತುಂಬಿದ್ದಾಗ ಉಪನದಿಗೆ ಅದೇ ಅಣೆಕಟ್ಟು! ಪಂಚಗಂಗೆಯ ಹಿನ್ನೀರಿಗೆ ಕೃಷ್ಣೆಯೇ ಕಾರಣವಾಗುವುದನ್ನು ನಾವು ಆಲಮಟ್ಟಿಯ ಮೇಲೆ ಹೊರಿಸುವುದುಂಟು. ಆಲಮಟ್ಟಿಗೆ ಅಡಿಗಲ್ಲು ಬೀಳುವ ಮೊದಲೂ ಈ ಬಯಲಿಗೆ ಮಹಾಪೂರಗಳು ಬಂದಿವೆ.

ಇನ್ನೊಂದು ಮಾತು, ಕಬ್ಬು ಬೆಳೆಯುವ ನಮಗೆ ಅಷ್ಟು ರುಚಿಸದ ಮಾತು. ದಡ ಮೀರಿದ ನೀರು ಬಯಲಿನ ಮೇಲೆ ಹರಿಯುವಾಗ ಅದನ್ನು ತಡೆಯುವುದು ಮಣ್ಣಲ್ಲ, ಅಲ್ಲಿ ನಿಂತಿರುವ ಬೆಳೆ. ಹುಲ್ಲುಗಾವಲಿಗಿಂತ ಆಳೆತ್ತರದ ಕಬ್ಬಿನ ಗದ್ದೆಯಲ್ಲಿ ಘರ್ಷಣೆ ನಾಲ್ಕು ಪಟ್ಟು ಎಂದು ಇಟ್ಟುಕೊಂಡರೂ, ಅಷ್ಟೇ ನೀರನ್ನು ಸಾಗಿಸಲು ಆಳವು ಒಂದೂವರೆ ಪಟ್ಟಿಗಿಂತ ಹೆಚ್ಚಾಗಬೇಕೆಂದು ಮೇಲಿನ ನಿಯಮದಿಂದಲೇ ಸಾಧಿಸಬಹುದು. ಎರಡು ಮೀಟರು ಇದ್ದದ್ದು ಮೂರು ಮೀಟರನ್ನು ದಾಟುತ್ತದೆ. ಬಯಲಿಗೆ ಅಡ್ಡವಾಗಿ ಎತ್ತರಿಸಿದ ರಸ್ತೆಗಳೂ ಸೇತುವೆಗಳ ಏರಿಗಳೂ ಇದೇ ಕೆಲಸವನ್ನು ಮಾಡುತ್ತವೆ. ಇವು ಯಾವುವೂ ಇನ್ನೂರು ಕಿಲೋಮೀಟರು ದೂರದಲ್ಲಿಲ್ಲ.

ಹೂಳಿನ ಸಂಗತಿ

ಹೋರಾಟಗಾರರ ವಾದಗಳಲ್ಲಿ ನನಗೆ ಅತ್ಯಂತ ಗಂಭೀರವಾಗಿ ತೋರುವುದು ಹೂಳಿನ ಸಂಗತಿ. ಮೇಲೆ ನಾವು ಮಾಡಿದ ಲೆಕ್ಕದಲ್ಲಿ ನದಿಯ ತಳವು ಬದಲಾಗುವುದಿಲ್ಲವೆಂದು ಸುಮ್ಮನೆ ಒಪ್ಪಿಕೊಂಡೆವು. ಆದರೆ ವೇಗ ಅರ್ಧವಾದಲ್ಲಿ ನೀರು ತಾನು ಹೊತ್ತು ತಂದ ಮರಳನ್ನು ಹೊರಲಾರದೆ ಕೆಳಗಿಡುತ್ತದೆ. ಇಡುವುದು ಅಣೆಕಟ್ಟಿನ ಬುಡದಲ್ಲಲ್ಲ, ಜಲಾಶಯದ ತಲೆಯಲ್ಲಿ. ತಳವು ಅಲ್ಲಿ ಏರಿದಂತೆ ಹಿನ್ನೀರಿನ ಮೊದಲ ಮೆಟ್ಟಿಲೂ ಮೇಲಕ್ಕೆ ಸರಿಯುತ್ತದೆ. ಚೀನದ ಹಳದಿ ನದಿಗೆ ಸಾನ್‌ಮೆನ್‌ಷಿಯಾ ಎಂಬಲ್ಲಿ ಕಟ್ಟಿದ ಅಣೆಕಟ್ಟು 1960ರಲ್ಲಿ ನೀರು ಹಿಡಿಯತೊಡಗಿತು. ಕೆಲವೇ ವರ್ಷಗಳಲ್ಲಿ, ನೂರು ಕಿಲೋಮೀಟರಿಗೂ ಮೇಲಿರುವ ತೋಂಗ್‌ಗ್ವಾನ್ ಎಂಬಲ್ಲಿ ನದಿಯ ಮಟ್ಟವು ಹೂಳಿನಿಂದಾಗಿ ನಾಲ್ಕು ಮೀಟರಿಗಿಂತ ಹೆಚ್ಚು ಏರಿತು. ಉಪನದಿಯಾದ ವೇಯ್ ನದಿಯ ಬಯಲೂ ಅಪಾಯಕ್ಕೀಡಾಯಿತು. ಕೊನೆಗೆ ಹೂಳನ್ನು ಹೊರದೂಡಲು ಅಣೆಕಟ್ಟಿನಲ್ಲಿ ಹೊಸ ದಾರಿಗಳನ್ನು ತೆರೆಯಬೇಕಾಯಿತು. ಯೋಜನೆಯನ್ನು 1957ರಲ್ಲಿಯೇ ವಿರೋಧಿಸಿದ್ದ ಜಲಶಾಸ್ತ್ರದ ಪ್ರಾಧ್ಯಾಪಕ ಹುವಾಂಗ್ ವಾನ್‌ಲಿಯ ಮಾತನ್ನು ಆಗ ಯಾರೂ ಕೇಳಲಿಲ್ಲ. ಕೃಷ್ಣೆಯು ಹಳದಿ ನದಿಯಷ್ಟು ಹೂಳನ್ನು ಹೊರುವುದಿಲ್ಲವೆಂಬುದು ನಿಜ. ಆದರೂ ಇಂದಿನ ತಳದ ಅಳತೆಯಿಂದ ಮಾಡಿದ ಲೆಕ್ಕವು ಮೂವತ್ತು ವರ್ಷಗಳ ಅನಂತರ ಸಲ್ಲುತ್ತದೆಂದು ಹೇಳುವವನು ಆ ತಳವನ್ನು ಆಗಾಗ ಅಳೆಯುವ ಏರ್ಪಾಡನ್ನೂ ಹೇಳಬೇಕಾಗುತ್ತದೆ.

ಪೂರದ ದಿನ ಅಣೆಕಟ್ಟಿನ ಬಳಿ ನೀರನ್ನು ಯಾವ ಮಟ್ಟದಲ್ಲಿ ಹಿಡಿದಿದ್ದಾರೆ ಎಂಬುದೂ ಅಷ್ಟೇ ಮುಖ್ಯ. 524 ಎಂಬುದು ತುಂಬಿದ ಮಟ್ಟ. ಮಳೆಯ ಮುನ್ಸೂಚನೆ ಬಂದೊಡನೆ ಬಾಗಿಲುಗಳನ್ನು ತೆರೆದು ಮಟ್ಟವನ್ನು ಎರಡು ಮೂರು ಮೀಟರು ಇಳಿಸಿಟ್ಟರೆ ಹಿನ್ನೀರಿನ ತೊಡಕು ಬಹುಮಟ್ಟಿಗೆ ತಗ್ಗುತ್ತದೆ. ಎತ್ತರದ ಬಗೆಗೆ ನಡೆಯುವ ವಾದದಷ್ಟು ಬಿರುಸಾಗಿ, ಜುಲೈ ಆಗಸ್ಟುಗಳಲ್ಲಿ ದಿನದಿನವೂ ಹಿಡಿಯಬೇಕಾದ ಮಟ್ಟದ ಬಗೆಗೂ ವಾದ ನಡೆಯಬೇಕಾಗಿತ್ತು.

ಈ ಲೆಕ್ಕವನ್ನು ನಂಬದ ವಿದ್ಯಾರ್ಥಿಗಳು ಕಬ್ಬಿನ ಗದ್ದೆಯ ಕಾಲುವೆಯಲ್ಲಿಯೇ ಪರೀಕ್ಷಿಸಬಹುದು. ನೇರವಾದ, ಒಂದೇ ಸಮನಾದ ಇಳಿಜಾರಿನ ಕಾಲುವೆಯನ್ನು ಆರಿಸಿಕೊಂಡು ಹತ್ತು ಹತ್ತು ಹೆಜ್ಜೆಗೊಂದರಂತೆ ಕಡ್ಡಿಗಳನ್ನು ನೆಟ್ಟು ನೀರಿನ ಮಟ್ಟವನ್ನು ಗುರುತಿಸಿರಿ. ಅನಂತರ ಕೆಳಗಡೆ ಒಂದು ಹಲಗೆಯನ್ನು ಅರ್ಧ ಇಳಿಬಿಟ್ಟು, ನೀರು ಅದರ ಮೇಲೆ ಹಾಯ್ದು ಹರಿಯತೊಡಗಿದ ಮೇಲೆ ಮತ್ತೆ ಗುರುತಿಸಿರಿ. ಹೆಚ್ಚಳವು ಕಡ್ಡಿಯಿಂದ ಕಡ್ಡಿಗೆ ಹೇಗೆ ಕರಗುತ್ತದೆಂಬುದು ಕಣ್ಣಿಗೆ ಕಾಣುತ್ತದೆ. ಬಳಿಕ ಅದೇ ಕಾಲುವೆಗೆ ಹುಲ್ಲಿನ ಸಿವುಡುಗಳನ್ನು ಹಾಕಿ ಮೂರನೆಯ ಸಲ ನೋಡಿರಿ.

ಇದನ್ನೇ ನದಿಯ ಮೇಲೆ ಮಾಡಬೇಕೆಂದು ನನಗೆ ಬಹುದಿನದ ಆಸೆ. ಜುಗೂಳ, ಉಗಾರ, ಕುಡಚಿ, ಹಿಪ್ಪರಗಿ ಇಷ್ಟು ಕಡೆ ಮಳೆಗಾಲದ ಮೊದಲೇ ಸಮುದ್ರ ಮಟ್ಟಕ್ಕೆ ಹೊಂದಿಸಿದ ಅಳತೆಯ ಗೆರೆಗಳನ್ನು ಸೇತುವೆಯ ಕಂಬಕ್ಕೋ ಗುಡಿಯ ಗೋಡೆಗೋ ಬರೆದು, ಆಯಾ ಊರಿನ ವಿದ್ಯಾರ್ಥಿಗಳು ಪೂರದ ದಿನಗಳಲ್ಲಿ ಮೂರು ಮೂರು ಗಂಟೆಗೊಮ್ಮೆ ದೂರದಿಂದಲೇ, ನೀರಿನ ಅಂಚಿಗೆ ಹೋಗದೆ, ಮಟ್ಟವನ್ನು ಓದಿಕೊಂಡರೆ ಸಾಕು. ಎರಡು ಊರುಗಳ ಮಟ್ಟಗಳ ಅಂತರವನ್ನು ನಡುವಣ ದೂರದಿಂದ ಭಾಗಿಸಿದರೆ ಮೇಲ್ಮೈಯ ಇಳಿಜಾರು ಸಿಕ್ಕಿತು. ಆಲಮಟ್ಟಿಯ ಮಟ್ಟ ಏರಿದ ದಿನ ಆ ಇಳಿಜಾರು ತಗ್ಗುತ್ತದೆಯೋ ಇಲ್ಲವೋ ಎಂಬುದು ಎರಡು ಮೂರು ಮಳೆಗಾಲಗಳಲ್ಲಿ ತಾನಾಗಿ ಹೊರಬೀಳುತ್ತದೆ. ಮಟ್ಟದ ಜೊತೆಗೆ ಗಡಿಯಾರದ ಗಂಟೆಯನ್ನೂ ತಪ್ಪದೆ ಬರೆದುಕೊಳ್ಳಬೇಕು. ಏರುವ ಪೂರದ ಮಟ್ಟವನ್ನು ಇಳಿಯುವ ಪೂರದ ಮಟ್ಟದೊಡನೆ ಹೋಲಿಸಿದರೆ ಅಳತೆಯೆಲ್ಲ ವ್ಯರ್ಥ.